ಮುಕ್ಕಾಲು ಮೋಟಾರು

ನಾರಾಯಣಪುರದಲ್ಲಿ ‘ಪ್ರಾಜೆಕ್ಟು’ ಎಂಬ ಮಾತಿಗೆ ಒಂದೇ ಅರ್ಥವುಂಟು. ಅದು ಕೃಷ್ಣಾ ಮೇಲ್ದಂಡೆಯ ಯೋಜನೆ. 1964ನೆಯ ಇಸವಿಯಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅದಕ್ಕೆ ಅಡಿಗಲ್ಲನ್ನಿಟ್ಟರು. ಇಲ್ಲಿಯ ಬಸವಸಾಗರದ ಕಟ್ಟೆ ಮುಗಿಯುವಷ್ಟರಲ್ಲಿ 1982 ಬಂದಿತ್ತು. ಆಲಮಟ್ಟಿಯ ನೀರನ್ನು 524.256 ಮೀಟರಿನವರೆಗೆ ನಿಲ್ಲಿಸಬಹುದೆಂದು 2010ರಲ್ಲಿ ನ್ಯಾಯಮಂಡಳಿಯ ತೀರ್ಪಾದರೂ ಆ ಎತ್ತರಕ್ಕೆ ನೀರು ಇನ್ನೂ ನಿಂತಿಲ್ಲ. ಹಿಡಿದ ಕೆಲಸವು ತಂದೆಯಿಂದ ಮಗನಿಗೆ ದಾಟುವುದನ್ನು ಕಣ್ಣಾರೆ ಕಂಡ ಊರಿದು. ಇಂಥ ಊರಿನಲ್ಲಿ ಒಬ್ಬ ಗೃಹಸ್ಥರು, ತಮ್ಮ ಅರವತ್ತೆರಡನೆಯ ವಯಸ್ಸಿನಲ್ಲಿ, ಬಿಚ್ಚಿ ಹಾಕಿದ ಒಂದು ಮೋಟಾರು ಗಾಡಿಯನ್ನು ಕೊಂಡು ತಂದು ಜೋಡಿಸಬೇಕೆಂದು ಮನಸ್ಸು ಮಾಡಿದಾಗ, ಮನೆಯವರು ಬೆಲೆಗಿಂತ ಮೊದಲು ವರ್ಷಗಳ ಲೆಕ್ಕವನ್ನು ಕೇಳಿದುದು ಸಹಜವೇ ಆಯಿತು.

ಗಾಡಿಯೇನೋ ಸಾಧಾರಣವಾದುದಲ್ಲ. ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಸಂಸ್ಥೆಯವರು 1998ರಲ್ಲಿ ಲೋಕಕ್ಕೆ ತೋರಿಸಿದ ‘ಸ್ಟಾರ್ಮ್’ ಎಂಬ ಸ್ಪೋರ್ಟ್ಸ್ ಕಾರು ಅದು. ಎರಡೇ ಬಾಗಿಲು, ಎರಡೇ ಆಸನ. ಮೇಲಿನ ಹೊದಿಕೆಯನ್ನು ತೆಗೆದರೆ ತಲೆಯ ಮೇಲೆ ಬಯಲು. ಮೈಯೆಲ್ಲ ಫೈಬರ್ ಗ್ಲಾಸಿನದು. ರೂಪವನ್ನು ಕಲ್ಪಿಸಿದವರು ಫ್ರಾನ್ಸಿನವರು. ಎಂಜಿನೂ ಆ ದೇಶದ ರೆನೊ ಕಂಪನಿಯದೇ, 1,149 ಸಿ.ಸಿ., ಸುಮಾರು 60 ಕುದುರೆಗಳ ಶಕ್ತಿ. ಅಷ್ಟು ಶಕ್ತಿ ಇಂದು ಸಂಸಾರಸ್ಥರ ಸಣ್ಣ ಕಾರುಗಳಿಗೂ ಇರುವುದುಂಟು. ಆದುದರಿಂದ ಈ ಗಾಡಿಯನ್ನು ಬಯಸುವವನು ವೇಗಕ್ಕಾಗಿ ಬಯಸುವನೆಂದು ಹೇಳಲಾಗದು. ನೆಲಕ್ಕೆ ತಗ್ಗಿ ಕುಳಿತು, ಗಾಳಿಗೆ ಮುಖವೊಡ್ಡಿ, ಸಂಜೆಯ ಹೊತ್ತು ಕಾಲುವೆಯ ಪಕ್ಕದ ದಾರಿಯಲ್ಲಿ ಹೋಗುವ ಸುಖವೇ ಬೇರೆ. ಕನ್ನಡನಾಡಿನ ಸಂಸ್ಥೆಯೊಂದು ಇಂಥ ಚಪಲದ ವಸ್ತುವನ್ನು ಮಾಡಲು ಧೈರ್ಯಗೊಂಡಿತಲ್ಲಾ ಎಂಬ ಅಭಿಮಾನವೂ ಅದರೊಡನೆ ಸೇರಿತ್ತು. ಈಗ ಆ ಗಾಡಿ ತಯಾರಾಗುವುದಿಲ್ಲ; ತಯಾರಾದ ಕಾಲದಲ್ಲಿಯೂ ದಾರಿಯಲ್ಲಿ ಕಂಡವರು ವಿರಳ.

ಗೃಹಸ್ಥರು ಅಣೆಕಟ್ಟಿನ ಗೇಟುಗಳ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದು ನಿವೃತ್ತರಾದವರು. ಕಬ್ಬಿಣದ ಸ್ವಭಾವ ಅವರಿಗೆ ಗೊತ್ತು. ತುಕ್ಕಿನ ಸ್ವಭಾವ ಅದಕ್ಕಿಂತ ಚೆನ್ನಾಗಿ ಗೊತ್ತು. ಬೆಳಗಾವಿಯ ಒಂದು ತಗಡಿನ ಶೆಡ್ಡಿನಲ್ಲಿದ್ದ ಗಾಡಿಯನ್ನು ಅವರು ಒಂದು ದಿನವಿಡೀ ನೋಡಿದರು. ಚೌಕಟ್ಟು ನೆಟ್ಟಗಿತ್ತು. ಎಂಜಿನು ಬಿಚ್ಚಿದ ಸ್ಥಿತಿಯಲ್ಲಿ ಎರಡು ಮರದ ಪೆಟ್ಟಿಗೆಗಳಲ್ಲಿತ್ತು. ಎಡಬದಿಯ ಬಾಗಿಲು ಇರಲಿಲ್ಲ, ಒಂದು ದೀಪವಿರಲಿಲ್ಲ, ತಂತಿಗಳನ್ನು ಇಲಿಗಳು ತಿಂದಿದ್ದವು. ಮುಂಗಾಜು ಎಲ್ಲಿದೆಯೋ ಮಾರುವವನಿಗೂ ತಿಳಿಯದು. ಅವನು ಮಾತ್ರ ಉತ್ಸಾಹದಿಂದ, “ಮುಕ್ಕಾಲು ಗಾಡಿ ಐತ್ರಿ ಸಾಹೇಬ್ರ, ಕಾಲು ಭಾಗ ಹುಡುಕಿದ್ರ ಆತು” ಎಂದನು. ಬೆಲೆಯೋ, ಒಂದು ಜೋಡಿ ಒಳ್ಳೆಯ ಎತ್ತುಗಳ ಬೆಲೆಗಿಂತ ಹೆಚ್ಚಿನದಲ್ಲ.

ಈ ಮುಕ್ಕಾಲು ಎಂಬ ಗಣಿತವೇ ಮೋಸದ್ದು. ಮುಕ್ಕಾಲು ಚೀಲ ಜೋಳದಿಂದ ಮುಕ್ಕಾಲು ಚೀಲದಷ್ಟು ರೊಟ್ಟಿಯಾಗುತ್ತದೆ; ಮುಕ್ಕಾಲು ಮೋಟಾರು ಮುಕ್ಕಾಲು ಹರದಾರಿಯೂ ಓಡಲಾರದು. ಇಲ್ಲದ ಕಾಲು ಭಾಗದಲ್ಲಿ ಏನೇನಿದೆ ಎಂಬುದರ ಮೇಲೆ ಇರುವ ಮುಕ್ಕಾಲಿನ ಬೆಲೆ ನಿಲ್ಲುತ್ತದೆ. ಗೃಹಸ್ಥರಿಗೆ ಇದು ತಿಳಿಯದುದಲ್ಲ. ಮನೆಗೆ ಬಂದು, ಒಂದು ಹಾಳೆಯ ನಡುವೆ ಗೆರೆಯೆಳೆದು, ಕೈಯಿಂದ ಮಾಡಬಹುದಾದುದನ್ನು ಒಂದು ಕಡೆಗೂ ಮಾಡಲಾಗದುದನ್ನು ಇನ್ನೊಂದು ಕಡೆಗೂ ಬರೆಯುತ್ತ ಕುಳಿತರು.

ಬಾಗಿಲು ಮೊದಲನೆಯ ಕಡೆಗೆ ಬಂದಿತು. ಬಲಬಾಗಿಲನ್ನು ನೋಡಿ ಎಡಬಾಗಿಲಿಗೆ ಅಚ್ಚು ಮಾಡಬಹುದು. ಗಾಜಿನ ನಾರಿನ ಹಾಸು, ರಾಳ, ಅದನ್ನು ಗಟ್ಟಿಗೊಳಿಸುವ ದ್ರವ, ಇಷ್ಟಿದ್ದರೆ ಸಾಕು. ಆದರೆ ಈ ಸೀಮೆಯ ಬೇಸಗೆಯಲ್ಲಿ ರಾಳವು ಕುಂಚದಲ್ಲಿರುವಾಗಲೇ ಹೆಪ್ಪುಗಟ್ಟುವುದು. ಬೆಳಗಿನ ಜಾವಕ್ಕೆ ಎದ್ದು, ಬಿಸಿಲೇರುವ ಮೊದಲು ಮುಗಿಸಬೇಕು. ತಂತಿಗಳನ್ನು ಹೊಸದಾಗಿ ಎಳೆಯಬಹುದು. ಎಂಜಿನಿನ ಅಣ್ಣತಮ್ಮಂದಿರು ಫ್ರಾನ್ಸಿನ ಟ್ವಿಂಗೊ, ಕ್ಲಿಯೊ ಕಾರುಗಳಲ್ಲಿ ಓಡಿದ್ದಾರಾಗಿ, ಅದರ ಸಾಮಾನುಗಳನ್ನು ದೂರದಿಂದಾದರೂ ತರಿಸಬಹುದು. ಅದನ್ನು ಬಿಟ್ಟು ಬೇರೆ ಎಂಜಿನನ್ನು ಕೂಡಿಸುವ ಸುಲಭೋಪಾಯವನ್ನು ಸುರಪುರದ ಮಿಸ್ತ್ರಿಯೊಬ್ಬನು ಸೂಚಿಸಿದನು. ಅದಕ್ಕೆ 1988ರ ಮೋಟಾರು ವಾಹನಗಳ ಕಾನೂನು ಅಡ್ಡ ಬರುತ್ತದೆ. ನೋಂದಣಿಯ ಅಧಿಕಾರಿಗಳ ಒಪ್ಪಿಗೆಯಿಲ್ಲದೆ ಎಂಜಿನು ಬದಲಾಯಿಸುವಂತಿಲ್ಲ. ಮುಂಗಾಜು ಮಾತ್ರ ಎರಡನೆಯ ಕಡೆಗೆ ಹೋಗಿ ಕುಳಿತಿತು. ಬಾಗಿದ, ಎರಡು ಪದರಗಳ ಆ ಗಾಜನ್ನು ಮನೆಯ ಅಂಗಳದಲ್ಲಿ ಎರೆಯಲಾಗದು. ಒಂದೇ ಒಂದನ್ನು ಬೇರೆಡೆ ಮಾಡಿಸಹೋದರೆ ಗಾಡಿಗಿಂತ ಗಾಜೇ ಭಾರವಾದೀತು.

ಎರಡನೆಯ ಕಡೆಯಲ್ಲಿ ಇನ್ನೊಂದು ವಸ್ತುವಿತ್ತು, ಕಾಗದಪತ್ರ. ಗಾಡಿ 2002ರಲ್ಲಿ ಗೋವೆಯಲ್ಲಿ ನೋಂದಣಿಯಾದದ್ದು. ಸ್ವಂತ ಉಪಯೋಗದ ಕಾರಿನ ನೋಂದಣಿಗೆ 15 ವರ್ಷಗಳ ಆಯುಷ್ಯ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ನವೀಕರಿಸಬೇಕಾದರೆ ಗಾಡಿಯನ್ನು ಅಧಿಕಾರಿಯ ಮುಂದೆ ನಿಲ್ಲಿಸಬೇಕು. ನೋಂದಣಿಯಿಲ್ಲದ ಗಾಡಿಯನ್ನು ದಾರಿಗೆ ಇಳಿಸುವಂತಿಲ್ಲ. ಗೋವೆಯವರ ನಿರಾಕ್ಷೇಪಣೆಯ ಪತ್ರ ಬರಬೇಕು, ಕರ್ನಾಟಕದ ತೆರಿಗೆ ತುಂಬಬೇಕು. ಆಗ ಯಾದಗಿರಿಯ ಕೆ.ಎ. 33ರ ಸಂಖ್ಯೆ ದೊರೆತೀತು. ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಸರಕಾರವು ಪ್ರತ್ಯೇಕ ನಿಯಮಗಳನ್ನು ಮಾಡಿ ಗೌರವ ಕೊಟ್ಟಿದೆ. ಈ ಗಾಡಿಗೆ ಆ ಗೌರವವೂ ಇಲ್ಲ. ಹಳೆಯದೆನ್ನಲು ಎಳೆಯದು, ಹೊಸದೆನ್ನಲು ಮುದುಕು.

ಮನೆಯಲ್ಲಿ ವಾದವೇನೂ ನಡೆಯಲಿಲ್ಲ. ಅವರ ಹೆಂಡತಿ ಹಾಳೆಯನ್ನು ಪೂರ್ತಿಯಾಗಿ ಓದಿ, “ಬರೆದಿದ್ದೆಲ್ಲ ಖರೇನ ಅದರೀ. ಆದ್ರ ಮಾಳಿಗಿ ಮ್ಯಾಲ ಸಳಿ ನಿಂತು ಹನ್ನೊಂದು ವರ್ಷ ಆತು, ಅದನ್ನ ಯಾವ ಕಡೆ ಬರದೀರಿ?” ಎಂದು ಕೇಳಿದರು. ಮಗನ ಮದುವೆಗೆ ಮುಂಚೆ ಮೇಲೆ ಎರಡು ಕೋಣೆ ಕಟ್ಟಿಸಬೇಕೆಂದು ಕಂಬಗಳ ತುದಿಯಲ್ಲಿ ಬಿಟ್ಟ ಕಬ್ಬಿಣದ ಸಳಿಗಳವು. ಮಗ ಬೆಂಗಳೂರಿಗೆ ಹೋದನು, ಮದುವೆಯಾಯಿತು, ಮೊಮ್ಮಗನು ಹುಟ್ಟಿದನು. ಸಳಿಗಳು ಮಳೆಗೆ ಕೆಂಪಾಗಿ ನಿಂತಿವೆ. ರಜೆಗೆ ಬಂದವರು ಪಡಸಾಲೆಯಲ್ಲಿ ಮಲಗುತ್ತಾರೆ, ಮೂರು ದಿನಕ್ಕೆ ತಿರುಗಿ ಹೋಗುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಮತ್ತೆ, “ಎರಡ ಮಂದಿ ಕೂಡೂ ಗಾಡಿ ಅಂದ್ರಿ. ಮೊಮ್ಮಗ ಬಂದ್ರ ನಾ ಇಳೀಲಿ?” ಎಂದರು. ಅದರಲ್ಲಿ ನಗೆಯೂ ಇತ್ತು.

ಗೃಹಸ್ಥರು ಹಟವನ್ನೂ ಮಾಡಲಿಲ್ಲ, ಆಸೆಯನ್ನೂ ಬಿಡಲಿಲ್ಲ. ಮಾಡಲಾಗದ ವಸ್ತುಗಳೆರಡೂ ದೊರೆತರೆ ಕೊಳ್ಳುವುದು, ಒಂದು ತಪ್ಪಿದರೂ ಬಿಡುವುದು, ಎಂದು ನಿಶ್ಚಯಿಸಿ ಬೆಳಗಾವಿಗೆ ಹೇಳಿ ಕಳಿಸಿದರು. ಇದು ಎಷ್ಟೋ ಜನ ಕೊಂಡ ಮೇಲೆ ಮಾಡುವ ವಿಚಾರ. ಅವರು ಕೊಳ್ಳುವ ಮೊದಲೇ ಮಾಡಿದರು. ಎಂಟು ದಿನಗಳಲ್ಲಿ ಉತ್ತರ ಬಂದಿತು. ಮುಂಗಾಜು ಅಟ್ಟದ ಮೇಲೆ, ಕಂಬಳಿಯಲ್ಲಿ ಸುತ್ತಿದಂತೆಯೇ, ಒಂದು ಗೀರೂ ಇಲ್ಲದೆ ಸಿಕ್ಕಿತ್ತು. ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲವಂತೆ.

ಪತ್ರದ ಸಂಗತಿ ಮರುದಿನ ತಿಳಿಯಿತು. ನೋಂದಣಿಯ ಪುಸ್ತಕದಲ್ಲಿ ಹೆಸರಿದ್ದ ಯಜಮಾನರು ತೀರಿಕೊಂಡು ಆರು ವರ್ಷಗಳಾಗಿದ್ದವು. ವಾರಸುದಾರರು ಮೂವರು, ಅವರ ಹೆಸರಿಗೆ ಗಾಡಿ ಮೊದಲು ವರ್ಗವಾಗದೆ ಬೇರೆಯವರ ಹೆಸರಿಗೆ ಬರಲಾರದು. ಮೂವರಲ್ಲಿ ಒಬ್ಬರು ಪರದೇಶದಲ್ಲಿದ್ದು ಉಳಿದಿಬ್ಬರೊಡನೆ ಮಾತು ಬಿಟ್ಟಿದ್ದರು. ರಾಳವನ್ನು ಬೆಳಗಿನ ಜಾವದಲ್ಲಿ ಕಲಸಿ ಬಾಗಿಲು ಮಾಡಬಲ್ಲವರಿಗೆ ಈ ಸಹಿಯನ್ನು ಮಾಡಿಸುವ ಉಪಾಯ ತೋರಲಿಲ್ಲ.

ಅವರು ಹಾಳೆಯನ್ನು ಮಡಿಸಿ ಪಂಚಾಂಗದೊಳಗೆ ಇಟ್ಟರು. ಗೌಂಡಿಯನ್ನು ಕರೆಸಿ ಸಳಿಗಳಿಗೆ ಹಿಡಿದ ತುಕ್ಕನ್ನು ತೋರಿಸಿದರು. ಮಾರುವವನಿಗೆ ಫೋನು ಮಾಡಿ, ಗಾಡಿ ತಮಗೆ ಬೇಡವೆಂದು ತಿಳಿಸಿದರು. ಆತ ಮಾತು ಮುಗಿಸುವುದರಲ್ಲಿದ್ದಾಗ ತಡೆದು, ಮುಂಗಾಜನ್ನು ಮತ್ತೆ ಅಟ್ಟದ ಮೇಲೆ ಅಡ್ಡ ಮಲಗಿಸಬೇಡಿರಿ, ಗೋಡೆಗೆ ಒರಗಿಸಿ ನೆಟ್ಟಗೆ ನಿಲ್ಲಿಸಿಡಿರಿ, ಕೆಳಗೆ ಕಟ್ಟಿಗೆ ಕೊಡಿರಿ ಎಂದು ಎರಡು ಸಲ ಹೇಳಿದರು.