ಕಾರ್ಬುರೇಟರಿನ ಕೆಳಗಿನ ಬೋಲ್ಟು

ಜೀಪು ಕೆಟ್ಟದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆ ದಿನ ಮನೆಯಲ್ಲಿ ಹಾಗೆ ಹೇಳಲು ನನಗೆ ಬಾಯಿ ಬಂದಿರಲಿಲ್ಲ.

2019ರ ಏಪ್ರಿಲ್ ಕೊನೆಯ ವಾರ. ಮೂಡಿಗೆರೆ ಪೇಟೆಯಿಂದ ಎಂಟು ಮೂಟೆ ಸಿಮೆಂಟು ಹೇರಿಕೊಂಡು ಬರುತ್ತಿದ್ದೆ. ಡಾಂಬರು ರಸ್ತೆ ಬಿಟ್ಟ ಮೇಲೆ ನಮ್ಮ ಮನೆಗೆ ನಾಲ್ಕು ಕಿಲೋಮೀಟರು ಮಣ್ಣಿನ ಏರು. ಅರ್ಧ ಏರಿನಲ್ಲೇ ಬಿಸಿ ತೋರಿಸುವ ಮುಳ್ಳು ಕೊನೆಗೆ ಹೋಗಿ ನಿಂತಿತ್ತು. ನೋಡಿದೆ, ಆದರೂ ನಿಲ್ಲಿಸಲಿಲ್ಲ. ಇನ್ನೇನು ಮನೆ ಬಂತಲ್ಲ ಎಂಬ ಆಸೆ. ಅಂಗಳಕ್ಕೆ ಬಂದವನೇ ಇನ್ನೊಂದು ತಪ್ಪು ಮಾಡಿದೆ. ಕಾದ ಇಂಜಿನ್ನಿಗೆ ಬಾವಿಯ ತಣ್ಣೀರು ಹೊಯ್ದೆ. ಜಗಲಿಯಲ್ಲಿ ಕುಳಿತಿದ್ದ ಅಬ್ಬ ಎಲ್ಲವನ್ನೂ ನೋಡುತ್ತಿದ್ದರು. ಒಂದು ಮಾತೂ ಆಡಲಿಲ್ಲ.

ಮರುದಿನ ಜೀಪು ಸ್ಟಾರ್ಟ್ ಆಯಿತು, ಆದರೆ ಮೂರೇ ಕಾಲಿನ ಕುದುರೆಯಂತೆ. ರೇಡಿಯೇಟರಿನ ಬಾಯಲ್ಲಿ ಅನ್ನ ಬೇಯುವಾಗಿನ ಹಾಗೆ ಗುಳ್ಳೆ. ಹಿಂದಿನಿಂದ ಬಿಳಿ ಹೊಗೆ. ಅಬ್ಬ ಎದ್ದು ಬಂದು ನಾಲ್ಕೂ ಪ್ಲಗ್ ಬಿಚ್ಚಿಸಿ ಸಾಲಾಗಿ ಇಡಿಸಿದರು. ಮೂರು ಮಸಿ ಹಿಡಿದಿದ್ದವು. ಮೂರನೇ ಸಿಲಿಂಡರಿನದು ಮಾತ್ರ ತೊಳೆದಿಟ್ಟಂತೆ ಬೆಳ್ಳಗೆ. ನೀರು ಒಳಗೆ ಹೋಗಿ ಆವಿಯಾಗಿ ಅದನ್ನು ತೊಳೆದಿತ್ತು. "ಗ್ಯಾಸ್ಕೆಟ್ ಹೋಗಿದೆ" ಎಂದರು. ಅಷ್ಟೇ.

ಇಂಜಿನ್ನಿನ ಕೆಳಭಾಗ ಬ್ಲಾಕು, ಅದರ ಮೇಲಿನ ಮುಚ್ಚಳ ಹೆಡ್ಡು. ಇವೆರಡರ ನಡುವೆ ಕೂರುವ ತೆಳು ಹಾಳೆಯೇ ಹೆಡ್ ಗ್ಯಾಸ್ಕೆಟ್. ಸಿಲಿಂಡರಿನೊಳಗಿನ ಬೆಂಕಿ ಒಂದು ಕಡೆ, ತಣಿಸುವ ನೀರು ಇನ್ನೊಂದು ಕಡೆ. ಒಂದನ್ನೊಂದು ಮುಟ್ಟದಂತೆ ಕಾಯುವುದು ಅದರ ಕೆಲಸ. ವಿಪರೀತ ಕಾದಾಗ ಲೋಹ ಸೊಟ್ಟಗಾಗುತ್ತದೆ, ಹಾಳೆ ಸುಡುತ್ತದೆ, ನೀರು ಬೆಂಕಿಯ ಮನೆಗೆ ನುಗ್ಗುತ್ತದೆ.

ನಮ್ಮದು ಎತ್ತರದ ಬಾನೆಟ್ಟಿನ ಹಳೆಯ ಪೆಟ್ರೋಲ್ ಜೀಪು. ಆ ಬಾನೆಟ್ಟು ಚಂದಕ್ಕೆ ಎತ್ತರವಾದದ್ದಲ್ಲ. ಎರಡನೇ ಮಹಾಯುದ್ಧದ ಜೀಪಿನಲ್ಲಿ ಎಲ್ಲ ವಾಲ್ವುಗಳೂ ಬ್ಲಾಕಿನಲ್ಲೇ ಇದ್ದವು, ಹೆಡ್ಡು ಬರಿಯ ಮುಚ್ಚಳ. ಆಮೇಲೆ ವಿಲ್ಲಿಸ್ ಕಂಪೆನಿಯವರು ಗಾಳಿ ಒಳಗೆಳೆಯುವ ವಾಲ್ವುಗಳನ್ನು ಹೆಡ್ಡಿಗೆ ತಂದರು, ಹೊಗೆ ಬಿಡುವವನ್ನು ಬ್ಲಾಕಿನಲ್ಲೇ ಬಿಟ್ಟರು. ಇಂಜಿನ್ನು ಎತ್ತರವಾಯಿತು, ಬಾನೆಟ್ಟೂ ಏರಿತು. ಅಮೆರಿಕದಲ್ಲಿ ಆ ಮಾದರಿ 1953ರಿಂದ 1968ರವರೆಗೆ ತಯಾರಾಯಿತು. ಮಹೀಂದ್ರದವರು ಅದನ್ನು ನಮ್ಮ ದೇಶದಲ್ಲಿ ಆ ಮೇಲೂ ಬಹುಕಾಲ ತಯಾರಿಸಿದರು. ಕಂಪೆನಿಯ ಹೆಸರು ಬಂದಾಗ ಒಂದು ಮಾತು. 1945ರಲ್ಲಿ ಅದು ಶುರುವಾದಾಗ 'ಮಹೀಂದ್ರ ಅಂಡ್ ಮೊಹಮ್ಮದ್' ಆಗಿತ್ತು. ಪಾಲುದಾರರಾಗಿದ್ದ ಮಲಿಕ್ ಗುಲಾಂ ಮೊಹಮ್ಮದ್ ವಿಭಜನೆಯ ನಂತರ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಕಂಪೆನಿ 'ಮಹೀಂದ್ರ ಅಂಡ್ ಮಹೀಂದ್ರ' ಆಯಿತು. ಇದನ್ನು ಅಬ್ಬನಿಗೆ ಓದಿ ಹೇಳಿದಾಗ, "ಹೋದವರು ಹೋದರು, ಜೀಪು ಇಲ್ಲೇ ಉಳಿಯಿತಲ್ಲ" ಎಂದು ನಕ್ಕಿದ್ದರು.

ಪೇಟೆಯ ಗ್ಯಾರೇಜಿಗೆ ಫೋನು ಮಾಡಿದೆ. ಮೇಲೆ ಬರುವುದಿಲ್ಲ, ಎಳೆದು ತನ್ನಿ, ಹಳೆಯ ಗಾಡಿಗೆ ಯಾಕೆ ದುಡ್ಡು ಹಾಕುತ್ತೀರಿ ಎಂದರು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತ್ತು. ಹಳೆಯ ಜೀಪುಗಳ ಹುಚ್ಚಿರುವ ಬೆಂಗಳೂರಿನವರೊಬ್ಬರು ಹಿಂದಿನ ವರ್ಷವೇ ಎರಡು ಲಕ್ಷಕ್ಕೆ ಕೇಳಿದ್ದರು. ಅವರ ನಂಬರನ್ನು ಹುಡುಕಿ ತೆಗೆದಿಟ್ಟುಕೊಂಡೆ. ಮಳೆ ಹಿಡಿದರೆ ಆ ಏರನ್ನು ಬೇರೆ ಗಾಡಿ ಹತ್ತುವುದಿಲ್ಲ, ಉಮ್ಮನ ಮೊಣಕಾಲಿನ ಕತೆ ಗೊತ್ತು, ಎಲ್ಲ ಗೊತ್ತಿದ್ದೂ. ದಮ್ಮಾಮಿನಲ್ಲಿ ಹನ್ನೊಂದು ವರ್ಷ ಗೋದಾಮಿನ ಲೆಕ್ಕ ಬರೆದವನಿಗೆ ಎಲ್ಲವನ್ನೂ ಮಾರಿ ಕೈತೊಳೆದುಕೊಳ್ಳುವುದೇ ಸುಲಭವಾಗಿ ಕಾಣುತ್ತದೆ.

"ನಾವೇ ಬಿಚ್ಚುವ" ಎಂದರು ಅಬ್ಬ. ಆಗ ಅವರಿಗೆ 74 ವರ್ಷ. ಒಂದು ಕಣ್ಣಿಗೆ ಪೊರೆ, ಬಲಗೈಯಲ್ಲಿ ಸಣ್ಣ ನಡುಕ. ನಾನು ಚಿಕ್ಕವನಿದ್ದಾಗ ಅವರು ಇದೇ ಜೀಪಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದರೆ ಟಾರ್ಚು ಹಿಡಿಯುವುದಷ್ಟೇ ನನ್ನ ಪಾಲಿಗಿತ್ತು. ಬೆಳಕು ಸ್ವಲ್ಪ ಅಲುಗಿದರೂ ಬೈಗುಳ. ಒಮ್ಮೆಯೂ ಸ್ಪ್ಯಾನರ್ ಕೊಟ್ಟವರಲ್ಲ. ಈಗ ಸ್ಪ್ಯಾನರ್ ನನ್ನ ಕೈಗೆ ಬಂತು, ಟಾರ್ಚು ಅವರ ಕೈಗೆ ಹೋಯಿತು. ಬೆಳಕು ಅಲುಗುತ್ತಲೇ ಇತ್ತು. ನಾನೇನೂ ಅನ್ನಲಿಲ್ಲ.

ಬ್ಯಾಟರಿಯ ವೈರು ಕಳಚಿ, ನೀರು ಬಸಿದು, ಮೇಲಿನ ಹೋಸು, ಕಾರ್ಬುರೇಟರು, ರಾಕರ್ ಕವರು ತೆಗೆದೆವು. ಪುಶ್ ರಾಡುಗಳು ನಾಲ್ಕೇ. ಯಾವುದು ಎಲ್ಲಿಯದೆಂದು ಮರೆಯದಂತೆ ಬಿಸ್ಕೀಟು ಡಬ್ಬಿಯ ರಟ್ಟಿಗೆ ತೂತು ಮಾಡಿ ನಂಬರು ಬರೆದು ಸಿಕ್ಕಿಸಿದೆ. ಸೈಲೆನ್ಸರಿಗೆ ಹೋಗುವ ಮ್ಯಾನಿಫೋಲ್ಡು ಬ್ಲಾಕಿಗೇ ಕೂತಿರುವುದರಿಂದ ಅದನ್ನು ಮುಟ್ಟುವ ಕೆಲಸವಿಲ್ಲ. ಹೆಡ್ಡಿನ ಬೋಲ್ಟುಗಳನ್ನೆಲ್ಲ ಬಿಚ್ಚಿ ಎತ್ತಲು ಹೋದರೆ ಹೆಡ್ಡು ಜಪ್ಪೆನ್ನಲಿಲ್ಲ.

ಮರದ ಸುತ್ತಿಗೆಯಿಂದ ತಟ್ಟಿದೆ. ಅಲುಗಾಡಿಸಿದೆ. ಅರ್ಧ ಗಂಟೆ ಬೆವರು ಹರಿಸಿದೆ. ಕೊನೆಗೆ ಸಂದಿಗೆ ಉಳಿ ಕೊಟ್ಟು ಮೀಟಲು ಹೊರಟೆ. ಉಳಿ ತಾಗಿದ್ದರೆ ನುಣುಪು ಮೈಗೆ ಗೀರು ಬಿದ್ದು ಎಷ್ಟು ಹೊಸ ಗ್ಯಾಸ್ಕೆಟ್ ಹಾಕಿದರೂ ಸೋರುತ್ತಿತ್ತು. ಆಗ ಅಬ್ಬ ಬಾಯಿ ತೆರೆದರು. "ಕಾರ್ಬುರೇಟರ್ ಕೂತಿದ್ದ ಜಾಗದ ಒಳಗೆ ನೋಡು."

ಬೆಳಕು ಬಿಟ್ಟು ನೋಡಿದೆ. ಗಾಳಿ ಹೋಗುವ ಆ ತೂತಿನ ತಳದಲ್ಲಿ, ಮಸಿಯಲ್ಲಿ ಹೂತುಹೋದ ಇನ್ನೊಂದು ಬೋಲ್ಟು! ಈ ಇಂಜಿನ್ನಿನಲ್ಲಿ ಗಾಳಿಯ ದಾರಿ ಹೆಡ್ಡಿನೊಳಗೇ ಎರಕವಾಗಿದೆ. ಹಾಗಾಗಿ ಒಂದು ಬೋಲ್ಟು ಅಲ್ಲಿ ಅಡಗಿರುತ್ತದೆ. ನನಗೆ ಸಿಟ್ಟು ಬಂತು. "ಗೊತ್ತಿದ್ದೂ ಇಷ್ಟು ಹೊತ್ತು ಯಾಕೆ ಹೇಳಲಿಲ್ಲ?"

"ನನಗೂ ಯಾರೂ ಹೇಳಿರಲಿಲ್ಲ. ನಾನು ಉಳಿ ಹಾಕಿಬಿಟ್ಟಿದ್ದೆ" ಎಂದರು. ಹೆಡ್ಡು ಎತ್ತಿದ ಮೇಲೆ ಬ್ಲಾಕಿನ ಅಂಚಿನಲ್ಲಿ ಒಂದು ಹಳೆಯ ಗೀರನ್ನು ಬೆರಳಿನಿಂದ ತೋರಿಸಿದರು. ಅದೃಷ್ಟಕ್ಕೆ ಅದು ಗ್ಯಾಸ್ಕೆಟ್ ಕೂರುವ ಜಾಗದಿಂದ ಆಚೆಗಿತ್ತು. ಇಷ್ಟು ವರ್ಷ ಅವರು ಆ ತಪ್ಪನ್ನು ಯಾರಿಗೂ ಹೇಳಿರಲಿಲ್ಲ. ಮುಳ್ಳು ಕೊನೆಗೆ ಹೋದದ್ದನ್ನು ನೋಡಿಯೂ ಗಾಡಿ ಓಡಿಸಿದೆನೆಂದು ನಾನು ಅವರಿಗೆ ಹೇಳಿದ್ದು ಆಗಲೇ. "ಗೊತ್ತಿತ್ತು" ಎಂದರು.

ಹಳೆಯ ಗ್ಯಾಸ್ಕೆಟ್ಟು ತಾಮ್ರದ ತಗಡಿನ ನಡುವೆ ಕಲ್ನಾರು ತುಂಬಿದ್ದು. ಅದರ ಧೂಳು ಶ್ವಾಸಕೋಶಕ್ಕೆ ಕೆಡುಕು. ಮೊದಲೆಲ್ಲ ಅಬ್ಬ ಅದನ್ನು ಕೆರೆದು ಬಾಯಿಯಿಂದ ಊದಿ ಹಾರಿಸುತ್ತಿದ್ದರು. ನಾನು ಮೂಗಿಗೆ ಬಟ್ಟೆ ಕಟ್ಟಿ, ಒದ್ದೆ ಮಾಡಿ, ನಿಧಾನವಾಗಿ ಬಿಡಿಸಿದೆ. ಮೂರನೇ ಸಿಲಿಂಡರಿಗೂ ನೀರಿನ ತೂತಿಗೂ ನಡುವೆ ಬೆರಳಗಲ ಸುಟ್ಟು ಕಪ್ಪಾಗಿತ್ತು. ಹೆಡ್ಡಿನ ಮೇಲೆ ಉಕ್ಕಿನ ಪಟ್ಟಿಯನ್ನು ಅಂಚಿಗೆ ನಿಲ್ಲಿಸಿ ಕೆಳಗೆ ಫೀಲರ್ ಗೇಜು ತೂರಿಸಿದರೆ ನಡುವೆ ಸಲೀಸಾಗಿ ಹೋಯಿತು. ಬಾಗಿದೆ ಎಂದರ್ಥ. ಪರಿಚಯದವರ ಪಿಕಪ್ಪಿನಲ್ಲಿ ಅದನ್ನು ಚಿಕ್ಕಮಗಳೂರಿಗೆ ಒಯ್ದು ಮೈ ಸಮ ಮಾಡಿಸಿ ತರಲು ಎರಡು ದಿನ ಹಿಡಿಯಿತು. ಹೊಸ ಗ್ಯಾಸ್ಕೆಟ್ಟು ಸಿಗಲು ಇನ್ನೂ ನಾಲ್ಕು ದಿನ. ರಮಝಾನ್ ಶುರುವಾಗುವುದರೊಳಗೆ ಮುಗಿಸಬೇಕೆಂದು ನಮಗಿಬ್ಬರಿಗೂ ಆತುರ. ಉಪವಾಸದಲ್ಲಿ ಆ ಬಿಸಿಲಿಗೆ ಅಬ್ಬನನ್ನು ಅಂಗಳದಲ್ಲಿ ಕೂರಿಸುವ ಹಾಗಿರಲಿಲ್ಲ, ಕೂರಬೇಡಿ ಎಂದರೆ ಅವರು ಕೇಳುವವರೂ ಅಲ್ಲ.

ಬೋಲ್ಟು ಇಳಿಯುವ ತೂತುಗಳಲ್ಲಿ ನೀರು ನಿಂತಿದ್ದರೆ ಬಿಗಿಯುವಾಗ ಅದು ಒತ್ತಿಕೊಂಡು ಬ್ಲಾಕನ್ನೇ ಸೀಳಬಹುದು. ಒಂದೊಂದನ್ನೂ ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿದೆ. ಬಿಗಿಯುವುದು ನಡುವಿನಿಂದ ಶುರುಮಾಡಿ ಸುರುಳಿಯಾಗಿ ಅಂಚಿನ ಕಡೆಗೆ, ಒಂದೇ ಸಲಕ್ಕಲ್ಲ, ಮೂರು ಸುತ್ತಿನಲ್ಲಿ. ಈ ಇಂಜಿನ್ನಿಗೆ ಕೊನೆಯ ಬಿಗಿ 60ರಿಂದ 70 ಅಡಿ-ಪೌಂಡು. ನಾನು ಟಾರ್ಕ್ ರೆಂಚು ಕೇಳಿ ತಂದಿದ್ದೆ. ಅಬ್ಬ ಅದನ್ನು ತಿರುಗಿಸಿ ನೋಡಿ, "ನಮಗೆ ಮೊಣಕೈಯೇ ಹೇಳುತ್ತಿತ್ತು" ಎಂದು ಒಂದು ಬೋಲ್ಟನ್ನು ಸಾದಾ ಹಿಡಿಕೆಯಿಂದ ತಾವೇ ಬಿಗಿದರು. "ಈಗ ನೋಡು."

ರೆಂಚನ್ನು 65ಕ್ಕೆ ಇಟ್ಟು ಅದೇ ಬೋಲ್ಟಿಗೆ ಹಾಕಿದೆ. ಟಕ್ ಎನ್ನಲಿಲ್ಲ. ತಿರುಗಿತು. ಇನ್ನೂ ತಿರುಗಿತು. ಸುಮಾರು ಕಾಲು ಸುತ್ತು ಹೋದ ಮೇಲೆ ಟಕ್ ಎಂದಿತು. ಅಬ್ಬ ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡರು. ರೆಂಚು ಸರಿಯಿಲ್ಲವೇನೋ ಎಂದು ಸುಳ್ಳು ಹೇಳಬೇಕೆನಿಸಿತು. ಹೇಳಲಿಲ್ಲ. "ಉಳಿದದ್ದನ್ನು ನೀನೇ ಮಾಡು" ಎಂದು ಅವರು ಮತ್ತೆ ಟಾರ್ಚು ಎತ್ತಿಕೊಂಡರು. ಕಾರ್ಬುರೇಟರಿನ ಕೆಳಗಿನದನ್ನು ಮರೆಯದಂತೆ ಎರಡು ಸಲ ನೆನಪಿಸಿದರು.

ಟ್ಯಾಪೆಟ್ ಸರಿಮಾಡಿ, ಹೊಸ ಆಯಿಲು, ನೀರು ತುಂಬಿ ಸ್ಟಾರ್ಟ್ ಮಾಡಿದಾಗ ಸಂಜೆಯಾಗಿತ್ತು. ಮೊದಲು ಒಂದಷ್ಟು ಗುಳ್ಳೆ ಬಂತು. ಒಳಗೆ ಸಿಕ್ಕಿಕೊಂಡಿದ್ದ ಗಾಳಿ. ಆಮೇಲೆ ರೇಡಿಯೇಟರಿನ ನೀರು ಕೆರೆಯಂತೆ ಸುಮ್ಮನಾಯಿತು. ಇಂಜಿನ್ ಕಾದು ಪೂರ್ತಿ ತಣಿದ ಮೇಲೆ ಬೋಲ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿದೆ. ಬೆಂಗಳೂರಿನವರ ನಂಬರನ್ನು ಆ ರಾತ್ರಿ ಅಳಿಸಿದೆ. ಅದೇ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದಾಗ ಆ ಜೀಪು ಏನೇನು ಹೊತ್ತಿತೆಂಬುದು ಬೇರೆಯೇ ಕತೆ.

ಮರುದಿನ ಬೆಳಕು ಹರಿಯುವ ಮೊದಲೇ ಎದ್ದು ನೀರು ಇಳಿದಿದೆಯೋ ಎಂದು ನೋಡಲು ಅಂಗಳಕ್ಕೆ ಹೋದೆ. ಬಾನೆಟ್ಟು ಆಗಲೇ ತೆರೆದಿತ್ತು. ರೇಡಿಯೇಟರಿನ ಮುಚ್ಚಳ ಪಕ್ಕದಲ್ಲಿತ್ತು. ನೀರು ತುಂಬಿದಷ್ಟೇ ಇತ್ತು. ಮಡ್ಗಾರ್ಡಿನ ಮೇಲೆ, ಆರಿಸಲು ಮರೆತು ಬಿಟ್ಟು ಹೋದ ಟಾರ್ಚು ಉರಿಯುತ್ತಿತ್ತು.