ಕಲ್ಲಿನ ವಯಸ್ಸು, ಕೆತ್ತಿದವನ ಹೆಸರು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟದಲ್ಲಿ 1905ರಷ್ಟು ಹಿಂದೆಯೇ ಪ್ರಕಟಿಸಿದರು. ಆ ಸಂಪುಟದ ಕಣ್ಣಿಗೆ ಬೀಳದೆ ಹೊಲದ ಬದುಗಳಲ್ಲಿ ಉಳಿದ ಕಲ್ಲುಗಳೂ ಉಂಟು. ಅಂಥದೊಂದನ್ನು ದಾನಿಗಳಾದ ಮಹನೀಯರೊಬ್ಬರು ನಮ್ಮ ಶಾಲೆಯ ಅಂಗಳಕ್ಕೆ ತರಿಸಿ, “ಗಂಗರ ಕಾಲದ ಕಲ್ಲು, ಮಲ್ಲಿತಮ್ಮನ ಕೆತ್ತನೆ” ಎಂದು ಫಲಕ ಬರೆಸುವಂತೆ ನನಗೆ ತಿಳಿಸಿದರು. ತಳದಲ್ಲಿ ‘ಮಲ್ಲಿ’ ಎಂಬ ಎರಡಕ್ಷರ ಉಳಿದಿದ್ದುದೇ ಅವರಿಗೆ ಆಧಾರ. ಗಂಗರ ಆಳಿಕೆ ಮುಗಿದು ಸುಮಾರು ಎರಡು ಶತಮಾನ ಸಂದ ಮೇಲಲ್ಲವೆ ಮಲ್ಲಿತಮ್ಮನು ಉಳಿ ಹಿಡಿದದ್ದು!

ಹೊಯ್ಸಳರ ರೂವಾರಿಗಳು ವಿಗ್ರಹದಡಿ ಹೆಸರು ಕೆತ್ತುತ್ತಿದ್ದುದು ನಿಜ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರೂ ಇದೆ. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಲ್ಲಿಯೂ 1268ರ ಸೋಮನಾಥಪುರದಲ್ಲಿಯೂ ದೊರೆಯುತ್ತದೆ. ನಡುವೆ 72 ವರ್ಷ. ಒಬ್ಬನೇ ಎಂದರೆ ದೀರ್ಘಾಯುಷಿಯೇ ಸರಿ. ಹಳೆಯ ವಿದ್ಯಾರ್ಥಿಯೊಬ್ಬರು ಸ್ವೀಡನ್ನಿನ ಓರೆಫೋರ್ಸ್ ಕಾರ್ಖಾನೆಯ ಗಾಜಿನ ಹೂದಾನಿಯೊಂದನ್ನು ತೋರಿಸಿದಾಗ, ಅದರ ತಳದಲ್ಲಿ ಗೀರಿದ್ದ ಹೆಸರು, ಸಂಖ್ಯೆಗಳನ್ನು ಕಂಡು ನನಗೆ ತುಸು ಅಸೂಯೆಯೇ ಆಯಿತು.

ಹೆಸರು ಕೈಕೊಟ್ಟಾಗ ವ್ಯಾಕರಣವೇ ಗತಿ. ಗಂಗರ ಕಾಲದ ಬರಹವಾಗಿದ್ದರೆ ‘ಏೞು’ ಎಂಬಲ್ಲಿ ೞಕಾರ, ‘ಪಳ್ಳಿ’ ಎಂಬಲ್ಲಿ ಪಕಾರ ಕಾಣಬೇಕಿತ್ತು; ಸಪ್ತಮಿಗೆ ‘ಉಳ್’ ಅಥವಾ ‘ಒಳ್’ ಬರಬೇಕಿತ್ತು. ಈ ಕಲ್ಲಿನಲ್ಲಿ ಇರುವುದು ‘ಹಳ್ಳಿ’, ‘ಹೊಲ’, ‘ಕೆರೆಯಲ್ಲಿ’. ಪಕಾರವು ಹಕಾರವಾಗತೊಡಗಿದ್ದು ಸುಮಾರು ಹತ್ತನೆಯ ಶತಮಾನದಿಂದ. ಅಕ್ಷರಗಳ ಮೈಕಟ್ಟಂತೂ ಇನ್ನೂ ಈಚಿನದು, ಹದಿನೇಳನೆಯ ಶತಮಾನದ್ದು.

ಶಕವರ್ಷವಿದ್ದಿದ್ದರೆ 78 ಕೂಡಿಸಿ ಕೈತೊಳೆದುಕೊಳ್ಳಬಹುದಿತ್ತು. ಕಲ್ಲಿನಲ್ಲಿರುವುದು ‘ಪ್ಲವ ಸಂವತ್ಸರ’ ಮಾತ್ರ. ಸಂವತ್ಸರವು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಆ ಶತಮಾನದಲ್ಲಿ ಪ್ಲವ ಬಂದದ್ದು 1601ರಲ್ಲಿ, ಮತ್ತೆ 1661ರಲ್ಲಿ. ತಿಥಿಯ ಜೊತೆ ವಾರವೂ ಉಳಿದಿದ್ದರೆ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕಗಳಿಂದ ಎರಡರಲ್ಲೊಂದನ್ನು ಆರಿಸಬಹುದಿತ್ತು. ವಾರವಿದ್ದ ಮೂಲೆ ಚಕ್ಕೆಯೆದ್ದುಹೋಗಿದೆ.

ಫಲಕದಲ್ಲಿ “1601 ಅಥವಾ 1661, ಕೆತ್ತಿದವನ ಪೂರ್ಣ ಹೆಸರು ಅಳಿಸಿದೆ” ಎಂದು ಬರೆಸಿದೆನು. ಆ ಮಹನೀಯರು ಮುನಿದರು. ಗ್ರಂಥಭಂಡಾರಕ್ಕೆ ಅವರು ನುಡಿದಿದ್ದ ಕಪಾಟುಗಳು ಬರಲಿಲ್ಲ, ಪುಸ್ತಕಗಳು ಇನ್ನೂ ನೆಲದ ಮೇಲಿವೆ. ಕಲ್ಲಿನ ಒಕ್ಕಣೆಯನ್ನು ಅವರು ಕೇಳಲೇ ಇಲ್ಲ. ಅವರದೇ ಊರಿನ ಕೆರೆಯ ಏರಿಯನ್ನು ಕಟ್ಟಿಸಿದವನಿಗೆ ಬಿಟ್ಟ ಕಟ್ಟುಕೊಡಗೆಯ ಹೊಲದ ಎಲ್ಲೆಗಳು ಅದರಲ್ಲಿವೆ. ಏಳನೆಯ ತರಗತಿಯ ಮಕ್ಕಳು ಅದನ್ನು ತಡವರಿಸದೆ ಓದುತ್ತಾರೆ.