ಬೆಳಕಿಂಡಿ

ನನ್ನ ಊರು ತಳಕಲ್. ಕೊಪ್ಪಳ ಜಿಲ್ಲೆಯ ಈ ಭಾಗದ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಬೇಸಗೆಯ ಉರಿಯನ್ನು ತಡೆಯುವ ಸಲುವಾಗಿ ಹಿರಿಯರು ಗೋಡೆಗಳನ್ನು ದಪ್ಪವಾಗಿ ಕಟ್ಟಿ, ಕಿಟಕಿಗಳನ್ನು ಚಿಕ್ಕದಾಗಿ ಇಡುತ್ತಿದ್ದರು. ನಮ್ಮ ನಡುಮನೆಗೆ ಹಗಲು ಬೆಳಕು ಬರುತ್ತಿದ್ದುದು ಮಾಳಿಗೆಯಲ್ಲಿದ್ದ ಒಂದು ಬೆಳಕಿಂಡಿಯಿಂದ ಮಾತ್ರ. ಮಧ್ಯಾಹ್ನದ ಹೊತ್ತಿಗೆ ಅದರ ಮೂಲಕ ಬಿಸಿಲಕೋಲೊಂದು ನೆಲದವರೆಗೆ ಇಳಿಯುತ್ತಿದ್ದಿತು. ಆ ಕೋಲಿನೊಳಗೆ ಅಸಂಖ್ಯಾತ ದೂಳಿನ ಕಣಗಳು ಹೊಳೆಯುತ್ತ ತೇಲುತ್ತಿದ್ದುವು. ಕಣವು ಬೆಳಕಿನಿಂದ ಒಂದು ಗೇಣು ಆಚೆ ಸರಿದರೆ ಸಾಕು, ಮಾಯವಾಗುತ್ತಿದ್ದಿತು. ಮನೆಯ ತುಂಬ ಇರುವ ದೂಳು ಇಲ್ಲಿ ಮಾತ್ರ ಏಕೆ ಕಾಣುತ್ತದೆ ಎಂದು ನಾನು ಬಾಲ್ಯದಲ್ಲಿ ಬೆರಗುಪಟ್ಟಿದ್ದೆನು. ಆ ಬೆರಗನ್ನು ನಾನು ಮರೆತುಬಿಟ್ಟಿದ್ದೆನೆಂಬುದು ತಿಳಿದದ್ದು ಮಾತ್ರ ಬಹಳ ತಡವಾಗಿ.

ನಾನು ಕನ್ನಡದ ಅಧ್ಯಾಪಕ. 1991ರಲ್ಲಿ ನಮ್ಮ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಕೆಲಸ ಮಾಡುತ್ತಿದ್ದೆನು. ಒಂದು ದಿನ ವಿಜ್ಞಾನದ ಅಧ್ಯಾಪಕರು ರಜೆಯಲ್ಲಿದ್ದುದರಿಂದ ಒಂಬತ್ತನೆಯ ತರಗತಿಯ ಪ್ರಯೋಗದ ಅವಧಿಯನ್ನು ನಾನೇ ನೋಡಿಕೊಳ್ಳಬೇಕಾಯಿತು. ಶಾಲೆಗೆಲ್ಲ ಇದ್ದದ್ದು ಒಂದೇ ಸೂಕ್ಷ್ಮದರ್ಶಕ. ಅದರ ಕೆಳಗಿನ ಕನ್ನಡಿಯನ್ನು ಕಿಟಕಿಯ ಕಡೆಗೆ ತಿರುಗಿಸಿ, ಜೋಳದ ದಂಟಿನ ಸೀಳೊಂದನ್ನು ಗಾಜಿನ ಮೇಲಿಟ್ಟು, ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆನು. ಒಬ್ಬೊಬ್ಬರಿಗೂ ಒಂದೊಂದು ಕ್ಷಣ. ಒಬ್ಬ ಹುಡುಗಿ ಮಾತ್ರ ಕಣ್ಣು ಕೀಳಲಿಲ್ಲ. ಬದಿಯ ತಿರುಗಣೆಯನ್ನು ಮೆಲ್ಲನೆ ಆ ಕಡೆ ಈ ಕಡೆ ತಿರುಗಿಸುತ್ತಲೇ ಇದ್ದಳು. ಬಳಿಕ ನನ್ನನ್ನು ಕೇಳಿದಳು:

“ಸರ್, ಇದನ್ನ ತಿರುವಿದ್ರ ಒಂದು ಪದರ ಹೋಗಿ ಇನ್ನೊಂದು ಕಾಣತೈತ್ರಿ. ಮ್ಯಾಲಿಂದು ಕೆಳಗಿಂದು ಕೂಡಿ ಮಸುಕಾಗತೈತಿ. ಒಳಗಿಂದೆಲ್ಲ ಒಮ್ಮೆಗೆ ಚೊಲೊ ಕಾಣೂ ಹಂಗ ಮಾಡಾಕ ಬರೂದಿಲ್ಲೇನ್ರಿ?”

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. “ಕುಂದ್ರವ್ವ, ಅದು ಪರೀಕ್ಷೆಗೆ ಬರೂದಿಲ್ಲ” ಎಂದುಬಿಟ್ಟೆನು. ಆಕೆ ಸುಮ್ಮನೆ ಹೋಗಿ ಕುಳಿತಳು. ಆ ವರ್ಷ ನಮ್ಮ ಕಡೆ ಮಳೆ ಕೈಕೊಟ್ಟಿದ್ದಿತು. ದೀಪಾವಳಿ ಕಳೆದ ಕೆಲವು ದಿನಗಳಲ್ಲಿ ಆಕೆಯ ಮನೆಯವರು ಗುಳೆ ಹೊರಟರು. ತಳಕಲ್ ನಿಲ್ದಾಣದಲ್ಲಿ ಗಂಟುಮೂಟೆಗಳ ನಡುವೆ ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು ನಿಂತಿದ್ದ ಆಕೆಯನ್ನು ಕಂಡೆನು. ಆಕೆ ನನಗೆ ನಮಸ್ಕಾರ ಮಾಡಿದಳು. ಮತ್ತೆ ಶಾಲೆಗೆ ಬರಲಿಲ್ಲ.

ನಿವೃತ್ತನಾದ ಬಳಿಕ ನನ್ನ ಕಣ್ಣು ಮಂಜಾಯಿತು. ಹುಬ್ಬಳ್ಳಿಯ ವೈದ್ಯರೊಬ್ಬರು ನನ್ನ ಗಲ್ಲವನ್ನು ಒಂದು ಯಂತ್ರದ ಮೇಲೆ ಇರಿಸಿ, ಕ್ಷಣಮಾತ್ರದಲ್ಲಿ ಪರದೆಯ ಮೇಲೆ ಒಂದು ಚಿತ್ರವನ್ನು ತೋರಿಸಿದರು. ನನ್ನ ಕಣ್ಣಿನ ಒಳಪರದೆಯ ಪದರಗಳೆಲ್ಲ ಅಲ್ಲಿ ಒಂದರ ಕೆಳಗೊಂದು ನಿಚ್ಚಳವಾಗಿದ್ದುವು. ಕತ್ತಿ ತಾಗಲಿಲ್ಲ, ನೋವಿಲ್ಲ. ಬಾವಿಯೊಳಗೆ ಕೂಗಿದ ದನಿ ಆಳಕ್ಕೆ ತಕ್ಕಂತೆ ತಡವಾಗಿ ಮರಳುವ ಹಾಗೆ, ಬೇರೆ ಬೇರೆ ಪದರಗಳಿಂದ ಮರಳುವ ಬೆಳಕಿನ ಅತ್ಯಲ್ಪ ವ್ಯತ್ಯಾಸವನ್ನು ಆ ಯಂತ್ರವು ಅಳೆಯುತ್ತದೆಯಂತೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಈ ವಿಧಾನವನ್ನು ಪ್ರಕಟಿಸಿದ್ದು 1991ರಲ್ಲಿ ಎಂದು ತಿಳಿದಾಗ ನಾನು ತಲೆ ತಗ್ಗಿಸಿದೆನು. ನಾನು ಹುಡುಗಿಯೊಬ್ಬಳ ಬಾಯಿ ಮುಚ್ಚಿಸಿದ ವರ್ಷವೇ ಅದು.

ಆ ದಿನದಿಂದ ನಾನು ಆಕೆಯ ಪ್ರಶ್ನೆಗೆ ಉತ್ತರ ಹುಡುಕತೊಡಗಿದೆನು. ದೊರೆತ ಮೊದಲ ಉತ್ತರ ನಮ್ಮ ಮನೆಯ ಬೆಳಕಿಂಡಿಯಲ್ಲಿಯೇ ಇದ್ದಿತು. ವಸ್ತುವನ್ನೆಲ್ಲ ಬೆಳಗಿದರೆ ಎಲ್ಲ ಪದರಗಳ ಬೆಳಕೂ ಬೆರೆತು ಚಿತ್ರವು ಮಸುಕಾಗುತ್ತದೆ. ಒಂದೇ ಪದರವನ್ನು ಬೆಳಗಿದರೆ ಆ ಪದರ ಮಾತ್ರ ಕಾಣುತ್ತದೆ. ಉಳಿದುದು ಕತ್ತಲೆಯಲ್ಲಿ ಉಳಿಯುತ್ತದೆ. 1903ರಲ್ಲಿ ಜರ್ಮನಿಯಲ್ಲಿ ಸೀಡೆನ್‌ಟಾಫ್ ಮತ್ತು ಜಿಗ್ಮಂಡಿ ಎಂಬುವರು ಬದಿಯಿಂದ ಬೆಳಕು ಹಾಯಿಸಿ, ಗಾಜಿನೊಳಗಿನ ಅತಿ ಸೂಕ್ಷ್ಮವಾದ ಚಿನ್ನದ ಕಣಗಳನ್ನು ಕಂಡರು. ಸುಮಾರು ನೂರು ವರ್ಷಗಳ ಬಳಿಕ, 2004ರಲ್ಲಿ, ಹೈಡೆಲ್‌ಬರ್ಗ್‌ನ ವಿಜ್ಞಾನಿಗಳು ಬೆಳಕನ್ನು ಹಾಳೆಯಂತೆ ತೆಳುವಾಗಿ ಹರಡಿ, ಜೀವಂತ ಮೀನಿನ ಭ್ರೂಣವನ್ನು ಪದರಪದರವಾಗಿ ಚಿತ್ರಿಸಿದರು.

ಎರಡನೆಯ ಉತ್ತರವು ಪ್ರತಿದೀಪ್ತಿಗೆ ಸಂಬಂಧಿಸಿದುದು. ಕೆಲವು ವಸ್ತುಗಳು ಒಂದು ಬಣ್ಣದ ಬೆಳಕನ್ನು ಹೀರಿ, ಇನ್ನೊಂದು ಬಣ್ಣದ ಬೆಳಕನ್ನು ಹೊರಸೂಸುತ್ತವೆ. ನೋಟನ್ನು ನೇರಳಾತೀತ ದೀಪದ ಕೆಳಗೆ ಹಿಡಿದರೆ ಅದರ ಅಂಕಿಗಳು ಹೊಳೆಯುವುದನ್ನು ನೀವು ನೋಡಿರಬಹುದು. 1852ರಲ್ಲಿ ಸ್ಟೋಕ್ಸ್ ಎಂಬ ವಿಜ್ಞಾನಿ ಈ ಗುಣವನ್ನು ವಿವರಿಸಿ ಅದಕ್ಕೆ ಹೆಸರಿಟ್ಟರು. 1962ರಲ್ಲಿ ಜಪಾನಿನ ಶಿಮೊಮುರಾ ಒಂದು ಬಗೆಯ ಜೆಲ್ಲಿಮೀನಿನಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನೊಂದನ್ನು ಕಂಡರು. ಚಾಲ್ಫಿ ಮತ್ತು ಚೀನ್ ಎಂಬ ಅಮೆರಿಕದ ವಿಜ್ಞಾನಿಗಳು ಅದನ್ನು ಬೇರೆ ಜೀವಿಗಳಲ್ಲಿ ಬೆಳಗಿಸುವ ಮತ್ತು ಅದಕ್ಕೆ ಬಗೆಬಗೆಯ ಬಣ್ಣ ಕೊಡುವ ಕೆಲಸಕ್ಕೆ ಮುಂದಾದರು. 2008ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ಈ ಮೂವರಿಗೆ ಸಂದಿತು. ಈಗ ಜೀವಕೋಶದಲ್ಲಿ ತಮಗೆ ಬೇಕಾದ ಭಾಗಕ್ಕೆ ಮಾತ್ರ ಹಣತೆ ಹಚ್ಚಿದಂತೆ ವಿಜ್ಞಾನಿಗಳು ಅದನ್ನು ಬೆಳಗಿಸಬಲ್ಲರು.

ಮೂರನೆಯದು ಒಂದು ಸಣ್ಣ ರಂಧ್ರದ ಕಥೆ. 1957ರಲ್ಲಿ ಮಾರ್ವಿನ್ ಮಿನ್ಸ್ಕಿ ಎಂಬ ತರುಣನು ಸೂಕ್ಷ್ಮದರ್ಶಕದ ಬೆಳಕಿನ ದಾರಿಗೆ ಸೂಜಿಮೊನೆಯಷ್ಟು ರಂಧ್ರವನ್ನು ಅಡ್ಡ ಇಡುವ ಉಪಾಯವನ್ನು ಹೂಡಿ, ಅದರ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದನು. ನಾವು ಬಯಸಿದ ಬಿಂದುವಿನಿಂದ ಬಂದ ಬೆಳಕು ಮಾತ್ರ ಆ ರಂಧ್ರವನ್ನು ದಾಟುತ್ತದೆ. ಮೇಲಿನ ಮತ್ತು ಕೆಳಗಿನ ಪದರಗಳ ಬೆಳಕಿಗೆ ಅಲ್ಲಿ ತಡೆ. ಹೀಗೆ ಬಿಂದುಬಿಂದುವಾಗಿ ಒಂದು ಪದರವನ್ನು ಚಿತ್ರಿಸಿ, ಬಳಿಕ ಅದರ ಕೆಳಗಿನದನ್ನು ಚಿತ್ರಿಸಬೇಕು. ಕಟ್ಟಕಡೆಗೆ, ನಮ್ಮ ತಾಯಂದಿರು ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸುವಂತೆ ಗಣಕಯಂತ್ರವು ಆ ಚಿತ್ರಗಳನ್ನು ಪೇರಿಸಿದಾಗ ಉದ್ದ, ಅಗಲ, ಆಳಗಳುಳ್ಳ ಪೂರ್ಣ ರೂಪವು ಮೈದಳೆಯುತ್ತದೆ. ಹುಡುಗಿ ಕೇಳಿದ್ದು ಇದನ್ನೇ ಅಲ್ಲವೆ?

ಇದೆಲ್ಲವೂ ಪರದೇಶದ ಮಾತೆಂದು ನೀವು ಭಾವಿಸಬೇಡಿರಿ. ನಮ್ಮ ಊರಿಗೆ ಸಮೀಪದ ಇಟಗಿಯ ಮಹಾದೇವ ದೇವಾಲಯವು 1112ರಲ್ಲಿ ಕಟ್ಟಿದುದು. ಅದರ ಎದುರಿಗೆ ನಿಂತವನಿಗೆ ಒಂದು ಮುಖ ಮಾತ್ರ ಕಾಣುತ್ತದೆ. ಪ್ರದಕ್ಷಿಣೆ ಬಂದವನಿಗೆ ಪೂರ್ಣ ಆಕಾರವು ಮನಸ್ಸಿಗೆ ಬರುತ್ತದೆ. ಒಂದು ವಸ್ತುವನ್ನು ಸುತ್ತಲಿನಿಂದ ಚಿತ್ರಿಸಿ, ಆ ಚಿತ್ರಗಳಿಂದ ಅದರ ಒಳರೂಪವನ್ನೇ ಲೆಕ್ಕ ಹಾಕಿ ತೆಗೆಯುವ ಸುಲಭವಾದ ಗಣಿತಮಾರ್ಗವೊಂದನ್ನು ಜಿ. ಎನ್. ರಾಮಚಂದ್ರನ್ ಅವರು ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ 1971ರಲ್ಲಿ ಪ್ರಕಟಿಸಿದರು. ಆಗ ರಾಮಚಂದ್ರನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್ ಯಂತ್ರಗಳಿಗೆ ಅಂತಹ ಲೆಕ್ಕದ ಮಾರ್ಗವೇ ಬಹುಕಾಲ ಆಧಾರವಾಯಿತು.

ಆ ರಾಮಚಂದ್ರನ್ ಅವರ ಗುರುಗಳು ಸರ್ ಸಿ. ವಿ. ರಾಮನ್. ಅವರ ಬಾಳಿನ ಒಂದು ಪ್ರಸಂಗವು ನನ್ನನ್ನು ಇಂದಿಗೂ ಚುಚ್ಚುತ್ತದೆ. 1923ರಲ್ಲಿ ಕಲ್ಕತ್ತೆಯ ಅವರ ಪ್ರಯೋಗಾಲಯದಲ್ಲಿ ಶಿಷ್ಯರಾದ ಕೆ. ಆರ್. ರಾಮನಾಥನ್ ಅವರು ದ್ರವದ ಮೂಲಕ ಬೆಳಕು ಹಾಯಿಸುವಾಗ, ಅದರಲ್ಲಿ ಬೇರೊಂದು ಬಣ್ಣದ ಮಂದವಾದ ಹೊಳಪನ್ನು ಕಂಡರು. ದ್ರವದಲ್ಲಿನ ಕಲ್ಮಷದಿಂದಾದ ಕ್ಷೀಣ ಪ್ರತಿದೀಪ್ತಿ ಅದು ಎಂದು ಸುಮ್ಮನಾಗಬಹುದಾಗಿತ್ತು. ದ್ರವವನ್ನು ಮತ್ತೆ ಮತ್ತೆ ಶುದ್ಧಗೊಳಿಸಿದರೂ ಹೊಳಪು ಅಳಿಯಲಿಲ್ಲ. ರಾಮನ್ ಅವರು ಆ ಪ್ರಶ್ನೆಯನ್ನು ಕೈಬಿಡಲಿಲ್ಲ. 1928ರ ಫೆಬ್ರವರಿ 28ರಂದು ಅದರ ನಿಜಸ್ವರೂಪವು ಬಯಲಾಯಿತು. ಮಾರ್ಚ್ 16ರಂದು ಅವರು ಬೆಂಗಳೂರಿನಲ್ಲಿಯೇ ಅದನ್ನು ಕುರಿತು ಉಪನ್ಯಾಸ ಮಾಡಿದರು. ಅದು ರಾಮನ್ ಪರಿಣಾಮ. 1930ರ ನೊಬೆಲ್ ಬಹುಮಾನವು ಬಂದದ್ದು ಅದಕ್ಕೆ. ಒಂದು ಮಂದ ಹೊಳಪನ್ನು ಅವರು ಕಡೆಗಣಿಸಲಿಲ್ಲ. ನಾನು ಕಡೆಗಣಿಸಿದೆನು.

ಈಗ ತಳಕಲ್‌ನಿಂದ ಹೊಸದೊಂದು ರೈಲುಮಾರ್ಗವು ಕವಲೊಡೆದಿದೆ. 2025ರಲ್ಲಿ ಅದರ ಮೇಲೆ ಕುಷ್ಟಗಿಯವರೆಗೆ ರೈಲು ಓಡತೊಡಗಿತು. ಸಂಜೆ ನಿಲ್ದಾಣದತ್ತ ಅಡ್ಡಾಡಲು ಹೋದಾಗ ಇಳಿದು ಬರುವವರ ಮುಖಗಳನ್ನು ನೋಡುತ್ತೇನೆ. ಆಕೆಗೆ ಈಗ ಐವತ್ತರ ಸನಿಹದ ವಯಸ್ಸು. ಆಕೆಯ ಮನೆಯ ಮಗುವೊಂದು ಈ ಪಾಠವನ್ನು ಓದುತ್ತಿದ್ದರೂ ಇರಬಹುದು. ಹಾಗಿದ್ದರೆ, ಮಗು, ಮನೆಗೆ ಹೋಗಿ ಆಕೆಗೆ ಒಂದು ಮಾತು ತಿಳಿಸು: ಒಳಗಿನದೆಲ್ಲವೂ ನಿಚ್ಚಳವಾಗಿ ಕಾಣುವಂತೆ ಮಾಡಲು ಬರುತ್ತದೆ. ಆಕೆಯ ಪ್ರಶ್ನೆ ಸರಿಯಾಗಿದ್ದಿತು. ಮೇಷ್ಟರ ಉತ್ತರವೇ ತಪ್ಪಾಗಿದ್ದಿತು.